ಖಾಲಿ ಕುರ್ಚಿಯ ಪಣ

ಜೂನ್ 4

ಗುಬ್ಬಿಗೆ ಭಾವನ ಆಶೀರ್ವಾದ.

ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದಿ ಸೇಮ್ ಫ್ರಂ ಯು. ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ತುಕ್ಕು ಹಿಡಿಯದೆ ಉಳಿದಿರುವ ವಾಕ್ಯ ಇದೊಂದೇ. ಇದನ್ನೂ ನೀನು ತಿದ್ದಿ ಕಳಿಸುತ್ತೀಯ ಅಂತ ಗೊತ್ತು. ಅಚ್ಚುಕೂಟದಲ್ಲಿ ಕರಡು ತಿದ್ದುವವಳಿಗೆ ಪತ್ರ ಬರೆಯುವುದು ಅಂದರೆ ಪೊಲೀಸಿನವರ ಎದುರು ಸೈಕಲ್ ಕಲಿತ ಹಾಗೆ.

ಮಹಡಿ ಮೇಲಿನ ಕೋಣೆ ಖಾಲಿ ಇದೆ, ಬಂದು ಇದ್ದುಬಿಡಿ ಅಂದಿದ್ದೀಯ. ಸದ್ಯಕ್ಕೆ ಬೇಡ ಕಣೇ. ಜೀವಮಾನವಿಡೀ ಊರವರ ಮನೆಮನೆಯ ನೀರಿನ ಮೀಟರ್ ಓದಿದವನು ನಾನು. ಒಬ್ಬನಿಗೆ ಎಷ್ಟು ನೀರು ಖರ್ಚಾಗುತ್ತದೆ ಅಂತ ಈಗ ನನ್ನದೇ ಮನೆಯಲ್ಲಿ ಗೊತ್ತಾಗುತ್ತಿದೆ. ಮುಳ್ಳು ಅಲ್ಲಾಡುವುದೇ ಇಲ್ಲ. ಅಭ್ಯಾಸವಾಗುತ್ತದೆ ಬಿಡು.

ವಿಷಯ ಬೇರೆಯದೇ ಇದೆ. ನಿನ್ನ ಅಕ್ಕನ ಕತ್ತರಿ, ಊಟದ ಡಬ್ಬಿ ತೆಗೆದುಕೊಂಡು ಹೋಗಿ ಅಂತ ಹೊಲಿಗೆ ಅಂಗಡಿಯಿಂದ ಹೇಳಿಕಳಿಸಿದ್ದರು. ಹೋದಾಗ ಮಧ್ಯಾಹ್ನದ ಬಿಡುವು. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಸುತ್ತ ಮೂವರು ಕೂತಿದ್ದರು. ಕತ್ತರಿ ಮಾಸ್ತರು, ಇಸ್ತ್ರಿಯವನು, ಗುಂಡಿಗೆ ತೂತು ಹೊಲಿಯುವ ಕಾಜಾದಮ್ಮ. ಇಸ್ಪೀಟು ಆಡುತ್ತಿದ್ದರು. ಪೋಕರ್ ಅಂತೆ. ಕಾಸಿನ ಆಟವಲ್ಲ, ಗಾಬರಿಯಾಗಬೇಡ. ಹಳೇ ಬಟ್ಟೆಯಿಂದ ಬಿಚ್ಚಿದ ಗುಂಡಿಗಳೇ ಅವರ ಪಣ.

ನಾಲ್ಕನೆಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಆದರೆ ಅದರ ಮುಂದೆ ಕಂದು ಬಣ್ಣದ ಕೋಟಿನ ಗುಂಡಿಗಳ ಒಂದು ರಾಶಿ, ಮೇಲೆ ಎರಡು ಇಸ್ಪೀಟೆಲೆ ಹಂಚಿಟ್ಟಿದ್ದರು. ಯಾರದ್ದು ಅಂದೆ. ‘ನಿಮ್ಮ ಮನೆಯವರದ್ದೇ’ ಅಂದರು ಮಾಸ್ತರು, ಬಿಸಿಲು ಜಾಸ್ತಿ ಅನ್ನುವಷ್ಟೇ ಸಲೀಸಾಗಿ.

ಅದು ಅವರ ಪದ್ಧತಿಯಂತೆ. ಈ ಆಟದಲ್ಲಿ ಎಲೆ ಮುಟ್ಟುವ ಮೊದಲೇ ಇಬ್ಬರು ಕಡ್ಡಾಯವಾಗಿ ಗುಂಡಿ ಇಡಬೇಕು, ಒಬ್ಬರು ಒಂದು, ಪಕ್ಕದವರು ಎರಡು. ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಇಲ್ಲದಿದ್ದರೆ ಒಳ್ಳೆ ಎಲೆ ಬರುವ ತನಕ ಎಲ್ಲರೂ ಕೈ ಕಟ್ಟಿಕೊಂಡು ಕೂತುಬಿಡುತ್ತಾರೆ, ಆಟವೇ ನಡೆಯುವುದಿಲ್ಲ. ಸರದಿ ಸುತ್ತುತ್ತಾ ಎಲ್ಲರಿಗೂ ಬರುತ್ತದೆ. ತೀರಿಕೊಂಡವರಿಗೂ ಬರುತ್ತದೆ. ಅವರ ರಾಶಿಯಿಂದ ಕಾಜಾದಮ್ಮ ತೆಗೆದಿಡುತ್ತಾಳೆ. ರಾಶಿ ಪೂರ್ತಿ ಮುಗಿದ ದಿನ ಕುರ್ಚಿ ಎತ್ತಿಡುತ್ತಾರೆ. ಅಲ್ಲಿಯವರೆಗೆ ಆ ಮನುಷ್ಯ ಹೋಗಿಲ್ಲ ಅಂತಲೇ ಲೆಕ್ಕ.

ನನಗೂ ಒಂದು ಹಿಡಿ ಬಿಳಿ ಗುಂಡಿ ಕೊಟ್ಟು ಆ ಖಾಲಿ ಕುರ್ಚಿಯ ಪಕ್ಕ ಸ್ಟೂಲು ಹಾಕಿದರು. ನಾಳೆಯೂ ಹೋಗುತ್ತೇನೆ.

ನಿನ್ನ ಭಾವ

ಜೂನ್ 11

ಭಾವನಿಗೆ ಗುಬ್ಬಿಯ ನಮಸ್ಕಾರ.

ನಿಮ್ಮ ಪತ್ರದಲ್ಲಿ ಏಳು ತಪ್ಪು. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಇದರ ಜೊತೆಗೇ ಇಟ್ಟಿದ್ದೇನೆ. ಇಂಗ್ಲಿಷನ್ನು ಮುಟ್ಟಿಲ್ಲ, ಹಿರಿಯರ ಮೇಲಿನ ಗೌರವದಿಂದ.

ಅಕ್ಕ ಇಸ್ಪೀಟು ಆಡುತ್ತಿದ್ದದ್ದು ನನಗೆ ಗೊತ್ತು. ಸೋತರೂ ಗೆದ್ದರೂ ಅವಳ ಮುಖ ಒಂದೇ ಥರ. ಚಿಕ್ಕವಳಿದ್ದಾಗ ನನ್ನ ಪೆಪ್ಪರಮೆಂಟುಗಳನ್ನೆಲ್ಲ ಹಾಗೇ ಗೆದ್ದುಕೊಂಡವಳು ಅವಳು. ಆಟ ಮುಗಿದ ಮೇಲೆ ವಾಪಸ್ಸು ಕೊಡುತ್ತಿದ್ದಳು, ಒಂದು ಕಡಿಮೆ.

ಆದರೆ ಭಾವ, ಆ ರಾಶಿಯ ಮುಂದೆ ನೀವು ದಿನಾ ಕೂರುವುದು ನನಗೆ ಸರಿ ಕಾಣಲಿಲ್ಲ. ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿ ಬೀದಿಗೆ ತೆರೆಯುತ್ತದೆ. ಎದುರು ಬೀಗದ ಕೈ ಮಾಡುವವನ ಅಂಗಡಿ, ನಿಮಗೆ ಹರಟೆಗೆ ಜನ ಬೇಕಲ್ಲ. ಯಾವಾಗ ಬರುತ್ತೀರಿ, ಒಂದು ತಾರೀಖು ಹೇಳಿ.

ಗುಬ್ಬಿ

ಜೂನ್ 20

ಗುಬ್ಬಿ,

ತಾರೀಖು ಹೇಳುವ ಮುಂಚೆ ಆಟ ಹೇಳುತ್ತೇನೆ. ಇಲ್ಲದಿದ್ದರೆ ನಾನು ಯಾಕೆ ತಾರೀಖು ಹೇಳುತ್ತಿಲ್ಲ ಅಂತ ನಿನಗೆ ತಿಳಿಯುವುದಿಲ್ಲ.

ಕೈಗೆ ಎರಡೆರಡು ಎಲೆ. ನಡುವೆ, ಎಲ್ಲರಿಗೂ ಸೇರಿದ ಹಾಗೆ, ಐದು ಎಲೆ ಬಿಚ್ಚುತ್ತಾರೆ. ಮೊದಲು ಮೂರು, ಆಮೇಲೆ ಒಂದು, ಆಮೇಲೆ ಇನ್ನೊಂದು. ಪ್ರತಿಸಲ ಬಿಚ್ಚುವ ಮುಂಚೆಯೂ, ಕೊನೆಗೂ, ಪಣದ ಸುತ್ತು. ನಿನ್ನ ಸರದಿಗೆ ಮಾಡಬಹುದಾದ್ದು ಇಷ್ಟೇ. ಎದುರಿನವರು ಇಟ್ಟಷ್ಟೇ ಇಟ್ಟರೆ ಕಾಲ್. ಅದಕ್ಕಿಂತ ಜಾಸ್ತಿ ಇಟ್ಟರೆ ರೈಸ್. ಬೇಡಪ್ಪ ಅನ್ನಿಸಿದರೆ ಎಲೆ ಮಗುಚಿ ಇಡುವುದು, ಫೋಲ್ಡ್. ಆಗ ಅಲ್ಲಿಯವರೆಗೆ ಇಟ್ಟದ್ದು ಹೋಯಿತು, ಆದರೆ ಹೆಚ್ಚಿಗೆ ಏನೂ ಹೋಗಲಿಲ್ಲ. ಯಾರೂ ಮೇಲೆ ಏರಿಸಿಲ್ಲದಿದ್ದರೆ ಏನೂ ಇಡದೆ ಆಟದಲ್ಲಿ ಉಳಿಯಬಹುದು. ಅದು ಚೆಕ್. ಬಾಯಲ್ಲಿ ಹೇಳುವುದೂ ಬೇಕಾಗಿಲ್ಲ, ಬೆರಳಿನಿಂದ ಮೇಜು ಒಂದು ಸಲ ಕುಟ್ಟಿದರೆ ಸಾಕು. ‘ನಾನಿದ್ದೇನೆ, ಮುಂದಿನವರು ನೋಡಿ’ ಅಂದ ಹಾಗೆ.

ಬಾಕಿಯವರೆಲ್ಲ ಮಗುಚಿಬಿಟ್ಟರೆ ಉಳಿದ ಒಬ್ಬರು ಎಲೆ ತೋರಿಸದೆಯೇ ಗೆದ್ದ ಹಾಗೆ. ಇದು ಮುಖ್ಯ, ನೆನಪಿಟ್ಟುಕೋ.

ನಿನ್ನ ಅಕ್ಕನ ಪರವಾಗಿ ಕಾಜಾದಮ್ಮ ಕುಟ್ಟುತ್ತಾಳೆ. ಯಾರಾದರೂ ಏರಿಸಿದ ಕೂಡಲೇ ಅಕ್ಕನ ಎಲೆ ಮಗುಚುತ್ತಾರೆ. ಹಾಗಾಗಿ ರಾಶಿ ಕರಗುತ್ತಲೇ ಇರುತ್ತದೆ. ಆದರೆ ನಾನು ಕೂತಿರುವ ಜಾಗ ನೋಡು. ನಾನು ಒಂದು ಗುಂಡಿ ಇಡುವ ಸರದಿಯಲ್ಲಿ ಅವಳು ಎರಡು ಇಡುತ್ತಾಳೆ. ಉಳಿದ ಮೂವರೂ ಮಗುಚಿದರೆ ಕೊನೆಗೆ ನಿರ್ಧಾರ ನನ್ನದು. ನಾನೂ ಮಗುಚಿದರೆ ಎಲ್ಲ ಅವಳಿಗೆ. ಅವಳ ಎರಡು ವಾಪಸ್ಸು, ಮೇಲೆ ನನ್ನದೊಂದು.

ಮೊನ್ನೆ ನನ್ನ ಕೈಯಲ್ಲಿ ಎರಡು ರಾಜ ಇದ್ದವು. ಹೊಸಬನಿಗೆ ಬಂದ ಭಾಗ್ಯ. ಮಗುಚಿದೆ. ಅವಳ ರಾಶಿಗೆ ಒಂದು ಬಿಳಿ ಗುಂಡಿ ಸೇರಿತು. ಕಂದಿನ ನಡುವೆ ಬಿಳಿ, ನೋಡಲಿಕ್ಕೆ ಚೆಂದ.

ರಾಶಿ ಮುಗಿಯಲಿ, ಬರುತ್ತೇನೆ. ಅರ್ಧ ಆಟದಲ್ಲಿ ಎದ್ದು ಬರುವುದು ಮರ್ಯಾದೆಯಲ್ಲ.

ನಿನ್ನ ಭಾವ

ಜುಲೈ 9

ಭಾವ,

ಪತ್ರ ತಲುಪಿತು. ಉತ್ತರ ತಡವಾಯಿತು, ಕೆಲಸ.

ರಾಶಿ ಮುಗಿದರೆ ಬರುತ್ತೀರಿ. ಸರಿ. ಮುಗಿಯದ ಹಾಗೆ ನೋಡಿಕೊಳ್ಳುವವರೂ ನೀವೇ ಅಲ್ಲವೇ?

ಇನ್ನೆಷ್ಟು ಉಳಿದಿವೆ?

ಗುಬ್ಬಿ

ಜುಲೈ 15

ಗುಬ್ಬಿ,

ನಿನ್ನ ಪತ್ರ ಒಂದು ಪುಟ ತುಂಬಿದೆ, ಆದರೆ ಹದಿನಾರಾಣೆ ಕಾಗದದಲ್ಲಿ ಮಾತು ಎರಡಾಣೆಯಷ್ಟೇ ಇದೆ. ಅಕ್ಷರ ಒಂದೊಂದೂ ಹೆಬ್ಬೆರಳು ಗಾತ್ರ. ಒಂದನೇ ಕ್ಲಾಸಿನ ಹುಡುಗನಿಗೆ ಬರೆದ ಹಾಗೆ. ನನಗೆ ಅರುಳುಮರುಳು ಅಂತ ತೀರ್ಮಾನ ಮಾಡಿದ್ದೀಯೇನೇ? ಸಾಲುಗಳೂ ಬಾಲ ಎಳೆದುಕೊಂಡು ಕೆಳಗೆ ಇಳಿದಿವೆ. ಸಿಟ್ಟಿನಲ್ಲಿ ಬರೆದವರ ಸಾಲು ಹಾಗೆ ಇಳಿಯುತ್ತದೆ. ನನ್ನ ತಪ್ಪುಗಳನ್ನೂ ತಿದ್ದಿ ಕಳಿಸಲಿಲ್ಲ. ಅಷ್ಟೂ ಕೋಪವೇ? ಎಷ್ಟು ಉಳಿದಿವೆ ಅಂತ ಕೇಳಿದ್ದಂತೂ ಚುಚ್ಚಿತು. ಹೆಣ ಯಾವಾಗ ಎತ್ತುತ್ತೀರಿ ಅಂದ ಹಾಗಿತ್ತು.

ಇರಲಿ. ನಿನ್ನಲ್ಲದೆ ಇನ್ಯಾರಿಗೆ ಹೇಳಲಿ.

ಸೋಮವಾರ ಮಾಸ್ತರು ಕಾಲ್ ಅಂದರು. ಇಸ್ತ್ರಿಯವನು ಮಗುಚಿದ. ಕಾಜಾದಮ್ಮನೂ ಮಗುಚಿದಳು. ನಾನು ಇನ್ನೊಂದು ಗುಂಡಿ ಇಟ್ಟು ಸರಿದೂಗಿಸಿದೆ. ಯಾರೂ ಏರಿಸಿರಲಿಲ್ಲ, ಸರದಿ ಖಾಲಿ ಕುರ್ಚಿಗೆ ಬಂತು. ಆ ಸಲ ಎಲೆ ಹಂಚಿದ್ದು ಕಾಜಾದಮ್ಮ. ಅವಳ ಎರಡೂ ಕೈ ಎಲೆಗಳ ಕಟ್ಟಿನ ಮೇಲಿದ್ದವು, ಬಿಚ್ಚಲು ತಯಾರಾಗಿ. ಅವಳು ಕೈ ಬಿಡಿಸಿ ಕುಟ್ಟಲಿ ಅಂತ ನಾನು ಕಾಯುತ್ತಿದ್ದೆ.

ಮೇಜು ಕುಟ್ಟಿದ ಸದ್ದಾಯಿತು. ಒಂದೇ ಸಲ.

ಮಾಸ್ತರು ‘ಚೆಕ್ ಆಯ್ತು, ಬಿಚ್ಚಮ್ಮ’ ಅಂದರು. ಕಾಜಾದಮ್ಮ ಬಿಚ್ಚಿದಳು. ಯಾರೂ ತಲೆ ಎತ್ತಿ ನೋಡಲಿಲ್ಲ ಗುಬ್ಬಿ. ಅದೇ ನನಗೆ ಸದ್ದಿಗಿಂತ ಹೆಚ್ಚಾಗಿ ಕಾಡುತ್ತಿರುವುದು. ಹೊರಗೆ ಬಂದ ಮೇಲೆ ಇಸ್ತ್ರಿಯವನನ್ನು ಕೇಳಿದೆ. ಅವನು ಇದ್ದಿಲಿಗೆ ಗಾಳಿ ಹಾಕುತ್ತಾ, ಇದು ಮೊದಲಿಂದಲೂ ಹೀಗೇ ಸಾರ್, ಕೆಲವರು ತಮ್ಮದನ್ನು ತಾವೇ ಕುಟ್ಟುತ್ತಾರೆ, ನೀವು ಹೊಸಬರು ಅಂತ ಹೇಳಿರಲಿಲ್ಲ ಅಂದ.

ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ಯಾಸಿವ್ ವಾಯ್ಸ್ ಅಂತ ಒಂದನ್ನು ಕಲಿಸಿದ್ದರು. ಕೆಲಸ ಆಗಿರುತ್ತದೆ, ಮಾಡಿದವರು ಕಾಣುವುದಿಲ್ಲ. ದಿ ಟೇಬಲ್ ವಾಸ್ ನಾಕ್ಡ್ ಬೈ.... ಮುಂದಕ್ಕೆ ಜಾಗ ಬಿಟ್ಟಿದ್ದೇನೆ. ನೀನು ತಿದ್ದುವವಳು, ತುಂಬಿಸು.

ನಿನ್ನ ಭಾವ

ಜುಲೈ 28

ಭಾವ,

ಹಳೇ ಮರದ ಮೇಜು. ಪಕ್ಕದಲ್ಲಿ ಇಸ್ತ್ರಿ ಕಾಯುತ್ತದೆ. ಮರ ಬಿಸಿಯಾದಾಗ ಬಿರಿಯುತ್ತದೆ, ಸದ್ದು ಮಾಡುತ್ತದೆ. ನಮ್ಮ ಅಚ್ಚುಕೂಟದ ಕಪಾಟೂ ಹಾಗೇ.

ನನಗೆ ಕೋಪವಿಲ್ಲ.

ಒಂದೇ ಒಂದು ಪ್ರಶ್ನೆ. ಆ ಸದ್ದು ಬೆರಳಿನ ಗೆಣ್ಣಿನದೋ, ಲೋಹದ್ದೋ?

ಗುಬ್ಬಿ

ಆಗಸ್ಟ್ 3

ಗುಬ್ಬಿ,

ಲೋಹದ್ದು ಅಂತ ನಾನು ಬರೆದಿರಲಿಲ್ಲ. ನಿನಗೆ ಹೇಗೆ ಹೊಳೆಯಿತು?

ಹೌದು, ಲೋಹದ್ದು. ಹೊಲಿಯುವಾಗ ಬೆರಳಿಗೆ ಸೂಜಿ ಚುಚ್ಚದಿರಲಿ ಅಂತ ಹಾಕಿಕೊಳ್ಳುತ್ತಾರಲ್ಲ, ಅಂಗುಸ್ತಾನ, ಪುಟ್ಟ ಟೊಪ್ಪಿಗೆ ಥರದ್ದು. ಅದರ ಸದ್ದು. ಎಷ್ಟು ವರ್ಷ ಪಕ್ಕದ ಕೋಣೆಯಿಂದ ಕೇಳಿದ್ದೇನೆ, ಮರೆಯುತ್ತದೆಯೇ. ಅವಳ ಹೊಲಿಗೆ ಡಬ್ಬಿ ಪೂರ್ತಿ ಸುರಿದು ನೋಡಿದೆ. ಸೂಜಿ ಇದೆ, ದಾರ ಇದೆ, ಅಳತೆ ಪಟ್ಟಿ ಇದೆ. ಅಂಗುಸ್ತಾನ ಇಲ್ಲ. ಅಂಗಡಿಯಲ್ಲೂ ಇಲ್ಲ ಅಂತಾರೆ.

ಈಗ ದಿನಾ ಕೇಳುತ್ತದೆ. ನಿಜ ಹೇಳಬೇಕೆಂದರೆ ಅದಕ್ಕೋಸ್ಕರವೇ ಹೋಗುತ್ತೇನೆ. ಬೆಳಿಗ್ಗೆ ಅದಕ್ಕೇ ಏಳುತ್ತೇನೆ, ಮುಖ ಕ್ಷೌರ ಅದಕ್ಕೇ ಮಾಡಿಕೊಳ್ಳುತ್ತೇನೆ. ಒಂದು ಸದ್ದಿಗೆ. ನಗಬೇಡ.

ಆದರೆ ರಾಶಿ ಕರಗುತ್ತಿದೆ. ನಾನು ಒಬ್ಬನೇ ಎಷ್ಟು ತಡೆಯಲಿ? ನನಗೆ ಬಂದ ಎಲೆಗಳನ್ನು ಈಗ ನೋಡುವುದನ್ನೇ ಬಿಟ್ಟಿದ್ದೇನೆ, ಸೀದಾ ಮಗುಚುತ್ತೇನೆ. ನಿನ್ನೆ ಮಾಸ್ತರು ಗದರಿದರು. ‘ಸಾರ್, ಬರೀ ಮಗುಚುವುದಕ್ಕೆ ಇಷ್ಟು ದೂರ ನಡೆದು ಬರಬೇಕಾ? ಮನೆಯಲ್ಲಿ ದೋಸೆ ಮಗುಚಿದ್ದರೆ ತಿಂಡಿಯಾದರೂ ಆಗುತ್ತಿತ್ತು’ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ದನಿ ತಗ್ಗಿಸಿ, ಆಕೆ ಒಂದು ದಿನವೂ ಯಾರಿಂದಲೂ ದಯೆಯ ಗುಂಡಿ ತೆಗೆದುಕೊಂಡವರಲ್ಲ ಅಂದರು.

ಇನ್ನು ಸ್ವಲ್ಪವೇ ಉಳಿದಿವೆ. ನೀನು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ.

ಭಾವ

ಆಗಸ್ಟ್ 19

ಭಾವ,

ಕಾಗದದ ಮೇಲೆ ಅಡಿಪಟ್ಟಿ ಅಡ್ಡ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಸಾಲು ನೆಟ್ಟಗಿದ್ದರೆ ಅದು ಪಟ್ಟಿಯ ಗುಣ.

ನನ್ನ ಕಣ್ಣು ಹೋಗುತ್ತಿದೆ. ಮೇ ತಿಂಗಳಿಂದಲೇ. ಮೊದಲು ಒತ್ತಕ್ಷರ ಮಾಯವಾದವು, ಆಮೇಲೆ ಅಕ್ಷರ, ಈಗ ಸಾಲಿಗೆ ಸಾಲು. ಜೂನ್ ಕೊನೆಯ ನಂತರ ನಿಮ್ಮ ಪತ್ರಗಳನ್ನು ಅಚ್ಚುಕೂಟದಲ್ಲಿ ಮಿಷನ್ ನಡೆಸುವವರು ಓದಿ ಹೇಳುತ್ತಿದ್ದಾರೆ. ನಿಮ್ಮ ಇಂಗ್ಲಿಷ್ ಬಂದಲ್ಲಿ ನಿಲ್ಲಿಸಿ ಕೆಮ್ಮುತ್ತಾರೆ. ಹೇಳಿದ್ದರೆ ನೀವು ನನ್ನ ಮೇಲೆ ಕನಿಕರಕ್ಕೆ ಬರುತ್ತಿದ್ದಿರಿ. ನಿಮ್ಮಷ್ಟಕ್ಕೆ ನೀವೇ ಮನಸ್ಸು ಮಾಡಿ ಬರಲಿ ಅಂತ ಕಾದೆ. ಇಬ್ಬರೂ ಒಂದೇ ಆಟ ಆಡಿದೆವು ನೋಡಿ, ಕೈಯಲ್ಲಿದ್ದದ್ದನ್ನು ಯಾರೂ ತೋರಿಸಲಿಲ್ಲ.

ಆಗಸ್ಟ್ 30ಕ್ಕೆ ಆಪರೇಷನ್. ಆಮೇಲೆ ಸುಮಾರು ದಿನ ಎರಡೂ ಕಣ್ಣಿಗೆ ಕಟ್ಟು. ಫಲ ಹೇಗೋ ಹೇಳಲಾಗದು ಅಂದಿದ್ದಾರೆ. ಕತ್ತಲಿಗೆ ನಾನು ಹೆದರುತ್ತೇನೆ ಭಾವ, ಈ ವಯಸ್ಸಿನಲ್ಲೂ. ಅಕ್ಕನಿಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ನಡುವೆ ಹಲಗೆಯ ಗೋಡೆ. ನಾನು ಅತ್ತರೆ ಅವಳು ಆಚೆಯಿಂದ ಅಂಗುಸ್ತಾನದಲ್ಲಿ ಒಂದು ಸಲ ಕುಟ್ಟುತ್ತಿದ್ದಳು. ಇದ್ದೇನೆ, ಮಲಗು ಅಂತ. ಒಂದೇ ಸಲ. ಅದಕ್ಕೇ ಕೇಳಿದ್ದು.

ಅವಳನ್ನು ಬಿಟ್ಟು ಬನ್ನಿ ಅನ್ನುತ್ತಿಲ್ಲ. ಆದರೆ ನೀವು ಮಗುಚುತ್ತಿರುವುದು ಎಲೆಯನ್ನಲ್ಲ. ಒಂದು ಸಲ ಆಡಿ. ಅವಳಿಗೂ ಆಡಲು ಬಿಡಿ.

ಬರುತ್ತೀರೋ ಇಲ್ಲವೋ, ಅಷ್ಟು ಹೇಳಿ.

ಗುಬ್ಬಿ

ಆಗಸ್ಟ್ 30

ಗುಬ್ಬಿ,

ಇದನ್ನು ನಿನಗೆ ಯಾರು ಓದಿ ಹೇಳುತ್ತಾರೋ. ಮಿಷನ್ನಿನವರೇ ಓದುವುದಾದರೆ, ಸ್ವಾಮೀ, ಕೆಮ್ಮದೆ ಓದಿ.

ನಿನ್ನ ಪತ್ರ ಬಂದ ದಿನವೇ ಹೊರಡಬೇಕಿತ್ತು. ಪೆಟ್ಟಿಗೆ ಕಟ್ಟಿದೆ. ಮತ್ತೆ ಅಂಗಡಿಗೆ ಹೋದೆ. ಮಾರನೇ ದಿನವೂ ಹಾಗೇ. ಅವಳ ಮುಂದೆ ಬೆರಳೆಣಿಕೆಯ ಗುಂಡಿ ಉಳಿದಿದ್ದವು. ಈಗ ಹೊರಟರೆ ನನ್ನ ಬೆನ್ನ ಹಿಂದೆ ಕುರ್ಚಿ ಎತ್ತುತ್ತಾರಲ್ಲ ಅಂತ.

ಇವತ್ತು ಮಧ್ಯಾಹ್ನ ಉಳಿದಿದ್ದು ಎರಡೇ, ಎರಡೂ ಕಂದು. ಅವಳ ರಾಶಿಗೆ ಸೇರಿದ್ದ ನನ್ನ ಬಿಳಿಯವೆಲ್ಲ ಯಾವಾಗಲೋ ಹೋಗಿದ್ದವು. ಸರದಿ ಅದೇ ಬಂತು, ನನ್ನದು ಒಂದು, ಅವಳದು ಎರಡು. ಕಾಜಾದಮ್ಮ ಎರಡನ್ನೂ ಮುಂದಕ್ಕೆ ಸರಿಸಿದಳು. ಇದ್ದದ್ದೆಲ್ಲ ಇಟ್ಟರೆ ಅದು ಆಲ್ ಇನ್. ಅಂಥವರ ಎಲೆಯನ್ನು ಯಾರೂ ಮಗುಚುವಂತಿಲ್ಲ, ಎದುರಿಗೆ ಒಬ್ಬರಾದರೂ ಉಳಿದಿದ್ದರೆ ಕೊನೆ ತನಕ ಬಿಚ್ಚಲೇಬೇಕು. ಅವರಿಗೆ ಇನ್ನು ಮಾಡುವುದಕ್ಕೆ ಏನೂ ಇಲ್ಲ. ಇಡಲಾರರು, ಏರಿಸಲಾರರು, ಕುಟ್ಟಲೂ ಸರದಿಯಿಲ್ಲ.

ಮಾಸ್ತರು ಮಗುಚಿದರು. ಇಸ್ತ್ರಿಯವನು, ಕಾಜಾದಮ್ಮ, ಇಬ್ಬರೂ ಮಗುಚಿದರು. ನನ್ನನ್ನು ನೋಡಿದರು. ನಾನು ಮಗುಚಿದರೆ ಅವಳು ಇನ್ನೂ ಸ್ವಲ್ಪ ದಿನ ಇರುತ್ತಾಳೆ. ಗಡಿಯಾರ ನೋಡಿದೆ. ಅಲ್ಲಿ ನಿನ್ನನ್ನು ಒಳಗೆ ಕರೆದುಕೊಂಡು ಹೋಗುವ ಹೊತ್ತು. ಆದರೂ ನನ್ನ ಕೈ, ಅಭ್ಯಾಸದ ಕೈ, ಎಲೆ ಮಗುಚಲು ಮುಂದೆ ಹೋಯಿತು.

ಆಗ ಮೇಜು ಕುಟ್ಟಿದ ಸದ್ದಾಯಿತು. ಹಿಂದೆಂದೂ ಅಷ್ಟು ಜೋರಾಗಿರಲಿಲ್ಲ. ಇಸ್ತ್ರಿಯವನ ಚಹಾ ಲೋಟ ನಡುಗಿದ್ದನ್ನು ಕಣ್ಣಾರೆ ಕಂಡೆ.

ಈ ಸಲ ಎಲ್ಲರೂ ತಲೆ ಎತ್ತಿದರು. ಮಾಸ್ತರು ಮೆಲ್ಲಗೆ, ‘ಆಲ್ ಇನ್ ಆದವರಿಗೆ ಕುಟ್ಟುವ ಹಕ್ಕಿಲ್ಲ’ ಅಂದರು. ಕುರ್ಚಿಯ ಕಡೆ ನೋಡಿ ಅಂದರು, ನನ್ನ ಕಡೆಯಲ್ಲ. ಆಮೇಲೆ, ಆಕೆ ನಿಯಮ ಮೀರಿದ್ದು ಇದೇ ಮೊದಲು ಸಾರ್ ಅಂದರು.

ಇನ್ನೊಂದು ಗುಂಡಿ ಇಟ್ಟೆ. ಕಾಲ್ ಅಂದೆ.

ನನ್ನದು ಒಂಬತ್ತು ಮತ್ತು ಐದು, ಕಸ. ಅವಳ ಎಲೆ ಬಿಚ್ಚಿದರು. ಆಟೀನ್ ರಾಣಿ, ಜೊತೆಗೊಂದು ಏಳು. ನಡುವಿನ ಎಲೆ ಒಂದೊಂದೇ ಬಿದ್ದವು, ಇಬ್ಬರಿಗೂ ಏನೂ ಕೂಡಲಿಲ್ಲ. ನಾಲ್ಕನೆಯದರ ತನಕ ರಾಣಿಯ ಬಲದಿಂದ ಅವಳೇ ಮುಂದೆ. ಗೆಲ್ಲು, ಗೆಲ್ಲು ಅಂತ ಒಳಗೊಳಗೇ ಅನ್ನುತ್ತಿದ್ದೆ. ನನಗೆ ನಾನೇ ಶಾಪ ಹಾಕುತ್ತಾ ಆಡಿದ ಆಟ ಅದೊಂದೇ. ಐದನೆಯದು ಒಂಬತ್ತು ಬಿತ್ತು. ನನಗೆ ಜೋಡಿಯಾಯಿತು.

ಕಾಜಾದಮ್ಮ ಎರಡು ಕಂದು ಗುಂಡಿಗಳನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. ಗುಂಡಿ ಬೆಚ್ಚಗಿದ್ದವು, ಈಗಷ್ಟೇ ಯಾರೋ ಹಿಡಿದು ಬಿಟ್ಟ ಹಾಗೆ. ಇಸ್ತ್ರಿಯವನು ಕುರ್ಚಿ ಎತ್ತಿ ಗೋಡೆಗೆ ಒರಗಿಸಿದ. ನಾನು ಸ್ವಲ್ಪ ಹೊತ್ತು ಕೂತು ಕಿವಿಗೊಟ್ಟೆ. ಮರದ ಮೇಜು, ಅಷ್ಟೇ.

ಬಸ್ಸಿಗೆ ಸೆಪ್ಟೆಂಬರ್ 1ರ ಸೀಟು ಸಿಕ್ಕಿದೆ. ಅದಕ್ಕೆ ಮುಂಚೆ ಎಲ್ಲ ಭರ್ತಿ. ಬರುತ್ತೇನೆ ಗುಬ್ಬಿ. ಎರಡು ದಿನ ಕತ್ತಲನ್ನು ತಡೆದುಕೋ.

ನಿನ್ನ ಭಾವ

ಸೆಪ್ಟೆಂಬರ್ 14

ಭಾವನಿಗೆ,

ನೀವು ಮಹಡಿ ಮೇಲಿದ್ದೀರಿ. ಕೂಗಿದರೆ ಕೇಳುತ್ತದೆ. ಆದರೂ ಇದನ್ನು ಬರೆದು ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ, ಬಾಯಲ್ಲಿ ಹೇಳಲು ಧೈರ್ಯ ಸಾಲದು. ಕಣ್ಣು ಬಂದ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಅಕ್ಷರ ಸಣ್ಣಗಿವೆ ನೋಡಿ, ಮತ್ತೆ ಜಗಳ ತೆಗೆಯಬೇಡಿ.

ಆಪರೇಷನ್ ಆದ ಸಂಜೆ ಎಚ್ಚರವಾದಾಗ ಬರೀ ಕತ್ತಲು. ಕೈ ಚಾಚಿ, ‘ಭಾವಾ, ಬಂದಿರಾ?’ ಅಂದೆ. ಮಂಚದ ಕಬ್ಬಿಣದ ಕಂಬಿ ಟಕ್ ಅಂತು. ಒಂದು ಸಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ನೀವು ಬಾಯಿ ತೆರೆದು ಯಾಕೆ ಮಾತಾಡಲಿಲ್ಲ ಅಂತಲೂ ಕೇಳಲಿಲ್ಲ. ನಮ್ಮಿಬ್ಬರ ಪತ್ರದ ತಮಾಷೆ ಇರಬೇಕು, ಚೆಕ್ ಅನ್ನುತ್ತಿದ್ದಾರೆ ಅಂದುಕೊಂಡೆ. ಮಲಗಿದೆ. ಮಾರನೇ ದಿನವೂ ಅಷ್ಟೇ. ಹೆದರಿಕೆಯಾದಾಗೆಲ್ಲ ಕೇಳಿದೆ. ಕೇಳಿದಾಗೆಲ್ಲ ಟಕ್.

ಅದರ ಮಾರನೇ ದಿನ ಸಂಜೆ ಕೇಳಿದಾಗ ಮಾತ್ರ, ‘ಬಂದೆ ಕಣೇ, ಬಸ್ಸು ಕೆಟ್ಟು ನಿಂತಿತ್ತು’ ಅಂತ ನೀವು ಬಾಯಿಬಿಟ್ಟು ಹೇಳಿದಿರಿ. ನಿಮ್ಮ ಬೂಟಿನ ಧೂಳಿನ ವಾಸನೆ ಬರುತ್ತಿತ್ತು. ಆಮೇಲೆ ಕಂಬಿ ಸದ್ದು ಮಾಡಲಿಲ್ಲ. ನರ್ಸಮ್ಮನನ್ನು ಕೇಳಿದೆ. ‘ಇವರು ಬರುವ ಮುಂಚೆ ನಿಮ್ಮ ಹತ್ತಿರ ಯಾರೂ ಕೂತಿರಲಿಲ್ಲಮ್ಮ, ಆದರೆ ನೀವು ಮಂಚದ ಪಕ್ಕದ ಕುರ್ಚಿ ತೆಗೆಯಲು ಬಿಡಲೇ ಇಲ್ಲವಲ್ಲ, ಯಾರೋ ಇದ್ದಾರೆ ಅಂತ ಬೈದಿರಿ’ ಅಂದಳು.

ಕಂಬಿ ಮೊದಲ ಸಲ ಟಕ್ ಅಂದದ್ದು ನೀವು ಅಂಗಡಿಯಲ್ಲಿ ಕಾಲ್ ಅಂದ ದಿನವೇ. ಅಲ್ಲಿ ಕುರ್ಚಿ ಎತ್ತಿದ ಮೇಲೆ ಇಲ್ಲಿ ಸಂಜೆಯಾಯಿತು.

ನಿಮ್ಮ ಹಳೇ ಪತ್ರಗಳನ್ನೆಲ್ಲ ಇವತ್ತು ನಾನೇ ಓದಿ ಕೆಂಪು ಶಾಯಿಯಲ್ಲಿ ತಿದ್ದಿದೆ. ತಪ್ಪು ಎಷ್ಟು ಅಂತ ಹೇಳಿ ನಿಮ್ಮ ಮಾನ ತೆಗೆಯುವುದಿಲ್ಲ. ತುಂಬಿಸು ಅಂತ ಜಾಗ ಬಿಟ್ಟಿದ್ದಿರಲ್ಲ, ಅದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ.

ನನಗೆ ಆಟ ಕಲಿಸಿ. ಮಧ್ಯಾಹ್ನ ಊಟವಾದ ಮೇಲೆ ಕೆಳಗೆ ಬನ್ನಿ, ಆ ಎರಡು ಕಂದು ಗುಂಡಿ ತನ್ನಿ. ಮೇಜಿಗೆ ಮೂರು ಕುರ್ಚಿ ಹಾಕಿದ್ದೇನೆ. ಎಲೆ ಮೂವರಿಗೂ ಹಂಚೋಣ. ಅವಳ ಪರವಾಗಿ ಯಾರೂ ಕುಟ್ಟುವುದು ಬೇಡ. ಅವಳ ಸರದಿ ಬಂದಾಗ ನೀವೂ ನಾನೂ ನಮ್ಮ ಕೈಗಳನ್ನು ಮೇಜಿನ ಮೇಲೆ, ಒಬ್ಬರದು ಒಬ್ಬರಿಗೆ ಕಾಣುವ ಹಾಗೆ ಇಟ್ಟುಕೊಂಡು ಕೂರೋಣ.

ಗುಬ್ಬಿ